ಸ್ವಂತ ಎಚ್‌ಆರ್ ಕನ್ಸಲ್ಟೆನ್ಸಿ ಶುರು ಮಾಡಬೇಕು ಅಂತಿದ್ದೇನೆ, ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ತುಮಕೂರು:

ನಮಸ್ಕಾರ. ಹನ್ನೊಂದು ವರ್ಷದಿಂದ ಎಚ್‌ಆರ್‌ನಲ್ಲಿದ್ದೇನೆ. ಮೊದಲು ಗಾರ್ಮೆಂಟ್ಸ್, ಈಗ ನೆಲಮಂಗಲದ ಹತ್ತಿರ ಆಟೋ ಬಿಡಿಭಾಗ ಮಾಡುವ ಕಂಪನಿ. ಮಾರ್ಚ್ ಮುಗಿದ ಮೇಲೆ ಕೆಲಸ ಬಿಟ್ಟು ಸ್ವಂತವಾಗಿ ಸಣ್ಣ ಕಾರ್ಖಾನೆಗಳಿಗೆ ಎಚ್‌ಆರ್ ಸೇವೆ ಕೊಡೋಣ ಅಂತ ಆಸೆ. ಇಬ್ಬರು ಮಕ್ಕಳಿದ್ದಾರೆ, ಮನೆ ಸಾಲ ಇದೆ, ಹಾಗಾಗಿ ಭಯವೂ ಇದೆ. ಏನೇನು ಕೆಲಸ ಒಪ್ಪಿಕೊಳ್ಳಬೇಕು, ಫೀಸು ಎಷ್ಟು ಕೇಳಬೇಕು, ಮೊದಲ ಗಿರಾಕಿ ಎಲ್ಲಿ ಸಿಗುತ್ತಾರೆ?

ಉತ್ತರ, ಪೀಣ್ಯದಿಂದ:

ಸರ್, ನಾನು 2019ರಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಪೀಣ್ಯ, ದಾಬಸ್‌ಪೇಟೆ ಕಡೆಯ ಸಣ್ಣ ಕಾರ್ಖಾನೆಗಳೇ ನನ್ನ ಗಿರಾಕಿಗಳು. ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ಮೂವತ್ತು ಜನ ಕೆಲಸ ಮಾಡುವ ಜಾಗದ ಓನರ್ ಮುಂದೆ ಕೂತು 'ಎಚ್‌ಆರ್ ಸ್ಟ್ರಾಟೆಜಿ' ಅಂದರೆ ಅವರು ಕಾಫಿ ಕೊಟ್ಟು ಕಳಿಸುತ್ತಾರೆ. ಅವರ ತಲೆನೋವೇ ಬೇರೆ. ಪಿಎಫ್ (ಭವಿಷ್ಯ ನಿಧಿ) ಆಫೀಸಿನಿಂದ ನೋಟಿಸ್ ಬಂದಿರುತ್ತದೆ. ಬಿಟ್ಟು ಹೋದ ಆಪರೇಟರ್ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಟ್ಟವರಿಗೆ ಓನರ್ ಕೊಡುವ ಇಡುಗಂಟು, ಕೇಳುತ್ತಿರುತ್ತಾನೆ. ಪ್ರತಿ ತಿಂಗಳು ಓಟಿ (ಹೆಚ್ಚುವರಿ ಗಂಟೆಗಳ ಕೆಲಸ) ಲೆಕ್ಕಕ್ಕೆ ಜಗಳ. ಇಷ್ಟನ್ನು ಒಬ್ಬರು ಬಂದು ನೋಡಿಕೊಂಡರೆ ಸಾಕು ಅಂತ ಅವರು ಕಾಯುತ್ತಿರುತ್ತಾರೆ. ಹತ್ತು ಜನ ಆದರೆ ಇಎಸ್‌ಐ (ನೌಕರರ ರಾಜ್ಯ ವಿಮೆ), ಗ್ರಾಚ್ಯುಟಿ, ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಕಡ್ಡಾಯ. ಇಪ್ಪತ್ತು ಆದರೆ ಪಿಎಫ್. ಈ ಗೆರೆಗಳನ್ನು ಯಾವಾಗ ದಾಟಿದೆವು ಅಂತಲೇ ಎಷ್ಟೋ ಓನರ್‌ಗಳಿಗೆ ಗೊತ್ತಿರುವುದಿಲ್ಲ. ಮೋಸ ಮಾಡಬೇಕು ಅಂತಲ್ಲ, ಹೇಳುವವರು ಇರುವುದಿಲ್ಲ. ನಿಮ್ಮ ಕೆಲಸ ಅಲ್ಲಿಂದ ಶುರು.

ಒಂದು ಘಟನೆ ಹೇಳಲೇಬೇಕು. ನನ್ನ ಎರಡನೇ ವರ್ಷ. ಒಂದು ಪ್ರೆಸ್ ಶಾಪ್, 26 ಜನ. ಹೊಸಬರನ್ನು ಮೂರು ತಿಂಗಳು ನೋಡಿ ಆಮೇಲೆ ಇಎಸ್‌ಐಗೆ ಸೇರಿಸುವುದು ಅಲ್ಲಿನ ರೂಢಿ. ಕೆಲಸಕ್ಕೆ ಸೇರಿದ ದಿನವೇ ಸೇರಿಸಬೇಕು ಅಂತ ನಾನು ಮೇಲ್ ಹಾಕಿದ್ದೆ, ಫೋನಿನಲ್ಲೂ ಒಮ್ಮೆ ಹೇಳಿದ್ದೆ. 'ಆಯ್ತು ಮೇಡಂ, ಮಾಡೋಣ' ಅಂದರು. ಹೇಳಿದ್ದಾಯಿತಲ್ಲ ಅಂತ ನಾನೂ ಸುಮ್ಮನಾದೆ. ರಾಯಚೂರಿನ ಕಡೆಯ ಒಬ್ಬ ಹುಡುಗ, ಸೇರಿ ಹತ್ತೊಂಬತ್ತು ದಿನ ಆಗಿತ್ತು. ಪವರ್ ಪ್ರೆಸ್‌ಗೆ ಎರಡು ಬೆರಳು ಸಿಕ್ಕವು. ನಾನು ಹೋದಾಗ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಪೆನ್ಸಿಲಿನಲ್ಲಿತ್ತು. ಉಳಿದವರ ಹೆಸರೆಲ್ಲ ನೀಲಿ ಇಂಕಿನಲ್ಲಿ. ಆ ಪುಟ ಇನ್ನೂ ಕಣ್ಣ ಮುಂದೆ ಇದೆ. ಆಸ್ಪತ್ರೆ ಖರ್ಚೆಲ್ಲ ಓನರ್ ಕೊಟ್ಟರು, ಒಳ್ಳೆಯವರೇ. ಆದರೆ ಕೆಲಸದಲ್ಲಿ ಆದ ಗಾಯಕ್ಕೆ ಇಎಸ್‌ಐನಿಂದ ಬರುವ ಪಿಂಚಣಿಯಂಥ ಸೌಲಭ್ಯಕ್ಕಾಗಿ ಆ ಹುಡುಗ ಅಲೆದಾಡಬೇಕಾಯಿತು. ಸೇರಿದ ದಿನವೇ ಇಎಸ್‌ಐ ನಂಬರ್ ಆಗಿದ್ದರೆ ಈ ಪಾಡು ಇರುತ್ತಿರಲಿಲ್ಲ. ಅವನ ಪಾಲಿನ ಹಣ ಎಷ್ಟು ಅಂತೀರಿ? ಸಂಬಳದ 0.75 ಪರ್ಸೆಂಟ್. ಓನರ್ ಪಾಲು 3.25.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ಕಾಗದದಲ್ಲಿ ಬರೆಸುತ್ತೇನೆ: ಹೊಸಬರು ಸೇರಿದ ದಿನವೇ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ವಾಟ್ಸಾಪ್‌ನಲ್ಲಿ ನನಗೆ ಬರಬೇಕು. ಒಪ್ಪದವರ ಕೆಲಸ ಬಿಡುತ್ತೇನೆ. ಇದುವರೆಗೆ ಇಬ್ಬರನ್ನು ಬಿಟ್ಟಿದ್ದೇನೆ, ಒಬ್ಬರಂತೂ ತಿಂಗಳಿಗೆ ಹದಿನೈದು ಸಾವಿರ ಕೊಡುತ್ತಿದ್ದವರು. ಮನೆ ಸಾಲ ಇರುವಾಗ ಕಷ್ಟ ಅಂತ ಗೊತ್ತು ಸರ್. ಆದರೂ ಬಿಡಿ ಅಂತಲೇ ಹೇಳುತ್ತೇನೆ.

ಫೀಸಿಗೆ ಬರೋಣ. ಕೆಲಸಕ್ಕೆ ಇಷ್ಟು, ಚಲನ್‌ಗೆ ಇಷ್ಟು ಅಂತ ಬಿಡಿಬಿಡಿಯಾಗಿ ಹೋಗಬೇಡಿ, ತಿಂಗಳಿಗೆ ಇಷ್ಟು ಅಂತ ಒಟ್ಟಿಗೆ ಮಾತಾಡಿ. ನನ್ನ ಮೊದಲ ಗಿರಾಕಿ 28 ಜನರ ಯುನಿಟ್, ತಿಂಗಳಿಗೆ ಆರು ಸಾವಿರ. ಕಡಿಮೆಯೇ ಆಯಿತು, ಆದರೆ ಏನೇನು ಸೇರಿದೆ ಅಂತ ಬರೆದುಕೊಂಡಿದ್ದೆ: ಸಂಬಳದ ಲೆಕ್ಕ, 15ನೇ ತಾರೀಕಿನೊಳಗೆ ಪಿಎಫ್ ಮತ್ತು ಇಎಸ್‌ಐ, 20ರೊಳಗೆ ವೃತ್ತಿ ತೆರಿಗೆ, ತಿಂಗಳಿಗೆ ಎರಡು ಸಲ ಭೇಟಿ. ಇದರಾಚೆಗೆ ಡೊಮೆಸ್ಟಿಕ್ ಎನ್‌ಕ್ವೈರಿ (ಆರೋಪ ಬಂದ ಕೆಲಸಗಾರರ ಮೇಲೆ ಕಂಪನಿಯೊಳಗೇ ನಡೆಸುವ ವಿಚಾರಣೆ), ಲೇಬರ್ ಆಫೀಸಿಗೆ ಓಡಾಟ ಅಂತ ಬಂದರೆ ಬೇರೆ ಫೀಸು. ಬರೆದುಕೊಳ್ಳದಿದ್ದರೆ ಓನರ್ ಮಗಳ ಕಾಲೇಜ್ ಅಡ್ಮಿಶನ್ ಫಾರ್ಮ್ ತನಕ ನಿಮ್ಮ ಕೈಗೇ ಬರುತ್ತದೆ, ಆತ್ಮೀಯತೆಯಲ್ಲಿ ಬೇಡ ಅನ್ನಲೂ ಆಗುವುದಿಲ್ಲ.

ಮೊದಲ ಗಿರಾಕಿ ಸಿಗುವುದು ಆಡಿಟರ್‌ಗಳ ಹತ್ತಿರ. ನಿಜವಾಗಿಯೂ. ಸಣ್ಣ ಓನರ್ ಏನೇ ಆದರೂ ಮೊದಲು ಫೋನ್ ಮಾಡುವುದು ತಮ್ಮ ಆಡಿಟರ್‌ಗೆ. ಆಡಿಟರ್‌ಗಳಿಗೆ ಪಿಎಫ್, ಇಎಸ್‌ಐ ಕೆಲಸ ಕಿರಿಕಿರಿ, ಯಾರಾದರೂ ನಂಬಿಕಸ್ತರು ಇದ್ದರೆ ಕೊಟ್ಟುಬಿಡುತ್ತಾರೆ. ತುಮಕೂರಿನಲ್ಲಿ ನಾಲ್ಕು ಜನ ಆಡಿಟರ್‌ಗಳನ್ನು ನೋಡಿ, ವಸಂತನರಸಾಪುರ ಕೈಗಾರಿಕಾ ಪ್ರದೇಶ ನಿಮ್ಮ ಮನೆ ಬಾಗಿಲಲ್ಲೇ ಇದೆ. ಕಾಸಿಯಾದವರ (ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘ) ಸಭೆಗಳಿಗೂ ಹೋಗಿ, ಕಾರ್ಡ್ ಹಂಚುವುದಕ್ಕಿಂತ ಸುಮ್ನೆ ಕೂತು ಕೇಳಿಸಿಕೊಳ್ಳಿ.

ಇನ್ನೊಂದು. ನಿಮ್ಮ ಕನ್ನಡ ದೊಡ್ಡ ಬಂಡವಾಳ. ರಜೆಯ ನಿಯಮ, ಪೇ ಸ್ಲಿಪ್, ನೇಮಕಾತಿ ಪತ್ರ ಎಲ್ಲ ಕನ್ನಡದಲ್ಲಿ ಮಾಡಿ ಕೊಡಿ. ಶಿಫ್ಟ್ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ ಪಿಎಫ್‌ನಲ್ಲಿ ಎಷ್ಟು ಕಟ್ಟಾಗುತ್ತದೆ, ಓನರ್ ಎಷ್ಟು ಹಾಕುತ್ತಾರೆ ಅಂತ ಬೋರ್ಡ್ ಮೇಲೆ ಬರೆದು ತೋರಿಸಿ. ಒಂದು ಯುನಿಟ್‌ನಲ್ಲಿ ಹಾಗೆ ಮಾಡಿದಾಗ ವಯಸ್ಸಾದ ಒಬ್ಬ ವೆಲ್ಡರ್ ಎದ್ದು ಬಂದು, 'ಇಷ್ಟು ವರ್ಷ ಇದು ನನ್ನ ದುಡ್ಡು ಅಂತಲೇ ಗೊತ್ತಿರಲಿಲ್ಲ ಅಮ್ಮ' ಅಂದರು. ಆಮೇಲೆ ಆ ಯುನಿಟ್‌ನಲ್ಲಿ ಸಂಬಳದ ದಿನದ ಜಗಳ ಎಷ್ಟೋ ಕಡಿಮೆ ಆಯಿತು.

ಉತ್ತರ, ಮೈಸೂರಿನಿಂದ:

ಮೇಡಂ ಕಂಪ್ಲಯನ್ಸ್, ಅಂದರೆ ಕಾನೂನು ಪಾಲನೆಯ ಬಗ್ಗೆ ಹೇಳಿದ್ದಾರೆ, ನಾನು ನೇಮಕಾತಿ ಕಡೆಯವನು. ಹೆಬ್ಬಾಳ, ಮೇಟಗಳ್ಳಿ ಕಡೆಯ ಕಂಪನಿಗಳಿಗೆ ಜನ ಹುಡುಕಿ ಕೊಡುತ್ತೇನೆ. ರೂಢಿಯಲ್ಲಿರುವ ಫೀಸು ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಸೇರಿದವರು 90 ದಿನದೊಳಗೆ ಬಿಟ್ಟರೆ ಬೇರೆಯವರನ್ನು ಪುಕ್ಕಟೆ ಹುಡುಕಿ ಕೊಡಬೇಕು, ಬಿಲ್ ಪಾಸ್ ಆಗುವುದೂ ಆಮೇಲೆಯೇ. ಒಂದು ಕ್ವಾಲಿಟಿ ಮ್ಯಾನೇಜರ್ ಹುದ್ದೆಗೆ ಇದೇ ರೀತಿ ಎರಡು ಸಲ ಹುಡುಕಿ, ಐದು ತಿಂಗಳ ಮೇಲೆ ದುಡ್ಡು ನೋಡಿದೆ. ಹಾಗಾಗಿ ನೇಮಕಾತಿಯನ್ನೇ ನಂಬಿ ಕೆಲಸ ಬಿಡಬೇಡಿ. ಮೇಡಂ ಹೇಳಿದಂತೆ ತಿಂಗಳ ಫೀಸಿನ ಗಿರಾಕಿಗಳು ಮೂರಾದರೂ ಇರಲಿ, ನೇಮಕಾತಿಯ ದುಡ್ಡು ಅದರ ಮೇಲೆ ಬರಲಿ. ಕೈಯಲ್ಲಿ ಎಂಟು ತಿಂಗಳ ಮನೆ ಖರ್ಚು, ಇಎಂಐ ಸೇರಿಸಿ, ಇರಲೇಬೇಕು.

ಕೆಲಸ ಕೇಳಿಕೊಂಡು ಬಂದ ಹುಡುಗರ ಹತ್ತಿರ ಒಂದು ರೂಪಾಯಿಯೂ ತಗೋಬೇಡಿ. 'ಐನೂರು ರಿಜಿಸ್ಟ್ರೇಶನ್' ಅಂತ ಶುರು ಮಾಡಿದವರ ಹೆಸರು ಊರಲ್ಲಿ ಹೇಗಾಗಿದೆ ಅಂತ ನೋಡಿದ್ದೇನೆ.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮೊದಲ ವಾರವೇ ಮಾಡಿಸಿ, ಅದು ಉಚಿತ, ಏಜೆಂಟ್ ಬೇಕಿಲ್ಲ. ಅದಿದ್ದರೆ ಕಾನೂನಿನ ಪ್ರಕಾರ ಕಂಪನಿ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನಾನು ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಮತ್ತು ಈ ಒಂದು ಸಾಲು ಹಾಕಲು ಶುರು ಮಾಡಿದ ಮೇಲೆ ಅಕೌಂಟ್ಸ್‌ನವರು ಬೇಗ ಫೋನ್ ಎತ್ತುತ್ತಾರೆ. ಜಿಎಸ್‌ಟಿ ವರ್ಷಕ್ಕೆ 20 ಲಕ್ಷ ದಾಟುವ ತನಕ ಕಡ್ಡಾಯ ಅಲ್ಲ.

ಲೇಬರ್ ಸಪ್ಲೈ ಮಾತ್ರ ಬೇಡ. 'ನಲವತ್ತು ಹುಡುಗರನ್ನು ನಿಮ್ಮ ಹೆಸರಲ್ಲೇ ಇಟ್ಟುಕೊಳ್ಳಿ, ನಾವು ಕಮಿಷನ್ ಕೊಡ್ತೀವಿ' ಅಂತ ಖಂಡಿತ ಕೇಳುತ್ತಾರೆ. ಏಳನೇ ತಾರೀಕು ಸಂಬಳ ನೀವು ಕೊಡಬೇಕು, ಕಂಪನಿ ದುಡ್ಡು ಬರುವುದು ಎರಡು ತಿಂಗಳಿಗೆ. ನನ್ನ ಗೆಳೆಯನೊಬ್ಬ ಹೆಂಡತಿಯ ಒಡವೆ ಅಡವಿಟ್ಟು ಸಂಬಳ ಹಂಚಿದ. ಆ ಒಡವೆ ಇನ್ನೂ ಮನೆಗೆ ಬಂದಿಲ್ಲ.

ಉತ್ತರ, ಹುಬ್ಬಳ್ಳಿಯಿಂದ:

ಅಣ್ಣಾ, ಇದು ಶುರು ಮಾಡಲು ಸರಿಯಾದ ಸಮಯ. 2025ರ ನವೆಂಬರ್ 21ರಿಂದ ನಾಲ್ಕು ಲೇಬರ್ ಕೋಡ್ (ಕಾರ್ಮಿಕ ಸಂಹಿತೆ) ಜಾರಿಗೆ ಬಂದಿವೆ, ಹಳೆಯ 29 ಕಾನೂನು ಅದರೊಳಗೆ ಸೇರಿವೆ. ಗೋಕುಲ ರೋಡಿನ ಓನರ್‌ಗಳೆಲ್ಲ ಈಗ ಕೇಳುವುದು ಒಂದೇ, 'ಬೇಸಿಕ್ (ಮೂಲ ವೇತನ) ಎಷ್ಟು ಇಡಬೇಕು?' ಲೆಕ್ಕ ಹಾಕಿ ತೋರಿಸಿ, ಗಿರಾಕಿ ಕೈಗೆ ಬಂದಂತೆ. ಸಂಬಳ 40,000, ಅದರಲ್ಲಿ ಬೇಸಿಕ್ 14,000, ಉಳಿದ 26,000 ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಕನ್ವೇಯನ್ಸ್ (ಓಡಾಟದ ಭತ್ಯೆ) ಅಂತ ಹಂಚಿದ್ದಾರೆ ಅಂದುಕೊಳ್ಳಿ. ಈಗ ಅಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಅರ್ಧ ದಾಟಿದ 6,000 ಕೂಡ ವೇತನಕ್ಕೇ ಸೇರುತ್ತದೆ, ಲೆಕ್ಕಕ್ಕೆ 20,000 ಆಯಿತು. ಐದು ವರ್ಷದ ಗ್ರಾಚ್ಯುಟಿ 14,000ಕ್ಕೆ 40,385 ಬರುತ್ತಿತ್ತು, 20,000ಕ್ಕೆ 57,692. ಇದನ್ನು ಅವರದೇ ಸಂಬಳದ ಪಟ್ಟಿ ಇಟ್ಟುಕೊಂಡು ಅವರ ಮುಂದೆಯೇ ಮಾಡಿ. ನೇಮಕಾತಿ ಪತ್ರ ಎಲ್ಲರಿಗೂ ಕೊಡಲೇಬೇಕು, ಬಿಟ್ಟು ಹೋದವರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅನ್ನುವುದನ್ನೂ ಹೇಳಿ, ಇವೆರಡೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಕೇಳಿದವರು:

ಅಕ್ಕ, ಸರ್, ತಮ್ಮಾ, ಮೂವರಿಗೂ ತುಂಬಾ ಧನ್ಯವಾದ. ಹಾಜರಿ ಪುಸ್ತಕದ ಪೆನ್ಸಿಲ್ ಹೆಸರು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಕಂಪನಿಯಲ್ಲೂ ಕಳೆದ ವಾರ ಸೇರಿದ ನಾಲ್ಕು ಜನರ ಇಎಸ್‌ಐ ಇನ್ನೂ ಆಗಿಲ್ಲ, ನಾಳೆ ಬೆಳಗ್ಗೆ ಮೊದಲು ಅದನ್ನು ಮಾಡುತ್ತೇನೆ. ಶನಿವಾರ ಇಬ್ಬರು ಆಡಿಟರ್‌ಗಳನ್ನು ನೋಡಲು ಹೋಗುತ್ತಿದ್ದೇನೆ. ಅಕ್ಕ, ನೀವು ಓನರ್‌ಗಳ ಹತ್ತಿರ ಬರೆಸಿಕೊಳ್ಳುವ ಒಪ್ಪಂದದಲ್ಲಿ ಏನೇನು ಇರುತ್ತದೆ ಅಂತ ಇನ್ನೊಮ್ಮೆ ಬಿಡಿಸಿ ಹೇಳುತ್ತೀರಾ?

ಪೀಣ್ಯದಿಂದ:

ಹೇಳುತ್ತೇನೆ ಸರ್. ಆದರೆ ಅದಕ್ಕೂ ಮೊದಲು ನಿಮ್ಮ ಈಗಿನ ಕಂಪನಿ ಕೊಟ್ಟ ನೇಮಕಾತಿ ಪತ್ರ ತೆಗೆದು ಓದಿ. ಕೆಲಸ ಬಿಟ್ಟ ಮೇಲೆ ಅವರ ಗಿರಾಕಿ, ಸಪ್ಲೈಯರ್‌ಗಳ ಜೊತೆ ಕೆಲಸ ಮಾಡಬಾರದು ಅಂತ ಏನಾದರೂ ಸಾಲು ಇದೆಯಾ ನೋಡಿ, ಇದ್ದರೆ ಇಲ್ಲಿ ಹಾಕಿ.