ಕೌದಿಯ ಪದರಗಳಿಗೆ ಯಾವ ಹಿಡಿತ ಸೂಕ್ತ?

ಪ್ರಶ್ನೆ: ಹಳೆಯ ಇಳಕಲ್ ಸೀರೆಗಳ ನಾಲ್ಕು ಪದರಗಳನ್ನು ಸೇರಿಸಿ ಕೈಯಿಂದಲೇ ಕೌದಿ ಹೊಲಿಯುತ್ತಿದ್ದೇನೆ. ಪದರಗಳು ಜಾರದಂತೆ ಪಿನ್ನು, ಅಂಟಿನ ಸ್ಪ್ರೇ, ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ತಾತ್ಕಾಲಿಕ ಹೊಲಿಗೆ) ಇವುಗಳಲ್ಲಿ ಯಾವುದನ್ನು ಬಳಸಲಿ?

ಉತ್ತರ 1: ಹೊಲಿಗೆಯ ಬಳೆಗೆ (ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ದುಂಡು ಚೌಕಟ್ಟಿಗೆ) ಸಿಕ್ಕಿಸಿ ಹೊಲಿಯುವುದಾದರೆ ಕಚ್ಚಾ ಹೊಲಿಗೆಯೇ ಮೇಲು, ಏಕೆಂದರೆ ಸೇಫ್ಟಿ ಪಿನ್ನುಗಳು ಬಳೆಗೆ ಅಡ್ಡಬರುವುದಲ್ಲದೆ ನೂಲೂ ಅವುಗಳಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ನಡುವಿನಿಂದ ಅಂಚಿನತ್ತ, ಸುಮಾರು 4 ಇಂಚು ಅಂತರದ ಸಾಲುಗಳಲ್ಲಿ ಉದ್ದನೆಯ ಹೊಲಿಗೆ ಹಾಕಿರಿ. ಬಿಳಿ ನೂಲನ್ನೇ ಬಳಸಿ. ಗಾಢ ಬಣ್ಣದ ನೂಲು ಕಲೆ ಬಿಡಬಹುದು.

ಉತ್ತರ 2: ಸ್ಪ್ರೇ ಬೇಡ. ಅಂಟು ಹೋಗಲು ತೊಳೆಯಲೇಬೇಕು, ರೇಷ್ಮೆಯ ಸೆರಗಿಗೆ ಅದು ಒಳ್ಳೆಯದಲ್ಲ.

ಉತ್ತರ 3: ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರು ತಮ್ಮ ಕೌದಿಯಾದ ಕವಂದಿಯನ್ನು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತುತ್ತ ಒಳಗೆ ಹೊಲಿಯುತ್ತಾರೆ. ತಾಳ್ಮೆಯಿದ್ದರೆ ಆ ಕ್ರಮವನ್ನೂ ಪ್ರಯತ್ನಿಸಬಹುದು.