ಬಿ.ಎಸ್ಸಿ. ಭೂಗೋಳಶಾಸ್ತ್ರ: ಪಿಯುನಲ್ಲಿ ಏನು ಓದಿರಬೇಕು, ಜೊತೆಗೆ ಯಾವ ವಿಷಯ ಹಿಡಿಯಬೇಕು?

ತುಂಗಾತೀರ:
ತಮ್ಮ ಈ ಸಲ ಪಿಸಿಎಂಬಿಯಲ್ಲಿ ದ್ವಿತೀಯ ಪಿಯು ಪಾಸಾಗಿದ್ದಾನೆ. ಎಂಜಿನಿಯರಿಂಗ್ ಬೇಡವಂತೆ, ಭೂಗೋಳವನ್ನೇ ಓದುತ್ತಾನಂತೆ. ಹತ್ತಿರದ ಕಾಲೇಜಿನಲ್ಲಿ ವಿಚಾರಿಸಿದರೆ ‘ಭೂಗೋಳ ಇದೆ, ಆದರೆ ಬಿ.ಎ.ಯಲ್ಲಿ’ ಅಂದರು. ಇನ್ನೊಂದು ಕಡೆ ಬಿ.ಎಸ್ಸಿ.ಯಲ್ಲೇ ಕೊಡ್ತಾರಂತೆ, ಅದು ಮನೆಯಿಂದ ದೂರ, ಹಾಸ್ಟೆಲ್ ಬೇಕು.

ನನ್ನ ಪ್ರಶ್ನೆಗಳು: ಪಿಯುನಲ್ಲಿ ಭೂಗೋಳ ಓದಿಲ್ಲ, ತೊಂದರೆಯೇ? ಬಿ.ಎ.ಗೂ ಬಿ.ಎಸ್ಸಿ.ಗೂ ಪಾಠದಲ್ಲಿ ವ್ಯತ್ಯಾಸ ಇದೆಯೇ? ಗಣಿತ ಎಷ್ಟು ಬರುತ್ತದೆ? ಮೂರು ವರ್ಷವೋ ನಾಲ್ಕು ವರ್ಷವೋ? ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ನಕ್ಷೆಮನೆ:
ವರ್ಷದ ಗೊಂದಲ ಮೊದಲು ಬಗೆಹರಿಸೋಣ. ಕರ್ನಾಟಕದಲ್ಲಿ 2021–22ರಿಂದ 2023–24ರವರೆಗೆ ಸೇರಿದವರು ಎನ್ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಮಾದರಿಯವರು, ಅವರಿಗೆ ನಾಲ್ಕನೇ ವರ್ಷ ಆನರ್ಸ್‌ ಮಾಡುವ ಅವಕಾಶ ಇತ್ತು. 2024ರ ಮೇ ತಿಂಗಳಲ್ಲಿ ಸರ್ಕಾರದ ಆದೇಶ ಬಂತು. ಅದರಂತೆ 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯಗಳ ಪದ್ಧತಿ. ಸೀನಿಯರ್‌ಗಳು ಹೇಳುವ ಕ್ರೆಡಿಟ್ ಲೆಕ್ಕ, ‘ಮೇಜರ್–ಮೈನರ್’ ಎಲ್ಲ ಅವರ ಬ್ಯಾಚಿನದು. ಅದನ್ನು ನಿಮ್ಮ ತಮ್ಮನಿಗೆ ಅನ್ವಯಿಸಬೇಡಿ.

ಇನ್ನು ಬಿ.ಎ., ಬಿ.ಎಸ್ಸಿ. ವಿಚಾರ. ನಮ್ಮಲ್ಲಿ ಭೂಗೋಳಕ್ಕೆ ಯಾವ ಪದವಿಯ ಹೆಸರು ಬರಬೇಕು ಎಂದು ನಿರ್ಧರಿಸುವುದು ಬಹುಮಟ್ಟಿಗೆ ಅದರ ಪಕ್ಕದ ವಿಷಯಗಳು. ಇತಿಹಾಸ, ಅರ್ಥಶಾಸ್ತ್ರದ ಜೊತೆ ಓದಿದರೆ ಬಿ.ಎ. ಭೂಗರ್ಭಶಾಸ್ತ್ರ, ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಇಂಥವುಗಳ ಜೊತೆ ಓದಿದರೆ ಬಿ.ಎಸ್ಸಿ. ಭೂಗೋಳದ ಪಠ್ಯ ಮಾತ್ರ ಎರಡಕ್ಕೂ ಒಂದೇ ಆಗಿರುವುದು ಸಾಮಾನ್ಯ: ಭೂರೂಪಶಾಸ್ತ್ರ, ವಾಯುಗುಣಶಾಸ್ತ್ರ, ಸಾಗರಶಾಸ್ತ್ರ, ಮಾನವ ಭೂಗೋಳ, ಕರ್ನಾಟಕ ಮತ್ತು ಭಾರತದ ಪ್ರಾದೇಶಿಕ ಭೂಗೋಳ, ದೂರಸಂವೇದನೆ (ಉಪಗ್ರಹ, ವಿಮಾನದ ಚಿತ್ರಗಳಿಂದ ನೆಲವನ್ನು ಅರಿಯುವುದು), ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ, ಅದರ ಮಾಹಿತಿ ಜೋಡಿಸಿ ಲೆಕ್ಕ ಹಾಕುವುದು). ಪ್ರಾಯೋಗಿಕ ತರಗತಿ ಎರಡರಲ್ಲೂ ಇರುತ್ತದೆ. ‘ಬಿ.ಎ. ಅಂದರೆ ಲ್ಯಾಬ್ ಇಲ್ಲ’ ಅನ್ನೋದು ತಪ್ಪು ತಿಳಿವಳಿಕೆ.

ಪಿಯುನಲ್ಲಿ ಭೂಗೋಳ ಇರಲಿಲ್ಲ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಯಾರೂ ಬಾಗಿಲು ಹಾಕುವುದಿಲ್ಲ. ಬಾಗಿಲು ಮುಚ್ಚುವುದು ಜೊತೆಯ ವಿಷಯ. ಪದವಿಯಲ್ಲಿ ಗಣಿತ ಬೇಕಿದ್ದರೆ ಪಿಯುನಲ್ಲಿ ಗಣಿತ ಇರಬೇಕು, ಭೌತಶಾಸ್ತ್ರಕ್ಕೂ ಹಾಗೆಯೇ. ಪಿಸಿಎಂಬಿ ಹುಡುಗನಿಗೆ ಆ ತೊಡಕಿಲ್ಲ. ಅವನಿಗೆ ಕೊರತೆ ಬೀಳುವುದು ಬೇರೆ ಕಡೆ: ಪಿಯುನಲ್ಲಿ ಭೂಗೋಳಕ್ಕೆ 70 ಅಂಕ ಥಿಯರಿ, 30 ಅಂಕ ಪ್ರಾಯೋಗಿಕ. ಅಂದರೆ ಕಲಾ ವಿಭಾಗದಿಂದ ಬಂದವರು ನಕ್ಷೆಯ ಪ್ರಮಾಣ, ಅಂಕಿಅಂಶದ ರೇಖಾಚಿತ್ರ ಇವನ್ನೆಲ್ಲ ಒಮ್ಮೆ ಕೈಯಾರೆ ಮಾಡಿಯೇ ಬಂದಿರುತ್ತಾರೆ. ರಜೆಯಲ್ಲಿ ಎರಡೂ ವರ್ಷದ ಪಿಯು ಭೂಗೋಳ ಪುಸ್ತಕ ಓದಿಕೊಂಡರೆ ಮೊದಲ ಸೆಮಿಸ್ಟರ್ ಸಲೀಸು.

ಅರ್ಜಿನಮೂನೆ:
ಮೇಲಿನದು ಸರಿ. ನಾನು ಹೇಳಬೇಕಾದದ್ದು ಪದವಿ ಮುಗಿದ ಮೇಲಿನ ಮಾತು. ಜೊತೆಯ ವಿಷಯದ ಬೆಲೆ ಗೊತ್ತಾಗುವುದು ಅಧಿಸೂಚನೆಯಲ್ಲಿ ‘ವಿದ್ಯಾರ್ಹತೆ’ ಎಂಬ ಕಾಲಂ ಓದಿದಾಗ.

ಯುಪಿಎಸ್‌ಸಿ ಸಿವಿಲ್ ಸರ್ವೀಸಸ್, ಕೆಎಎಸ್ ಇವಕ್ಕೆ ಯಾವ ಪದವಿಯಾದರೂ ನಡೆಯುತ್ತದೆ. ಅಲ್ಲಿ ಬಿ.ಎ., ಬಿ.ಎಸ್ಸಿ. ಭೇದವಿಲ್ಲ. ಆದರೆ ಭಾರತೀಯ ಅರಣ್ಯ ಸೇವೆ (ಐಎಫ್‌ಒಎಸ್) ನೋಡಿ. ಅದಕ್ಕೆ ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂಗರ್ಭಶಾಸ್ತ್ರ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಪದವಿಯಲ್ಲಿ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಬೇಕು. ಪಟ್ಟಿಯಲ್ಲಿ ಭೂಗೋಳ ಇಲ್ಲವೇ ಇಲ್ಲ! ಭೂಗೋಳ–ಭೂಗರ್ಭಶಾಸ್ತ್ರ ಓದಿದವನು ಭೂಗರ್ಭಶಾಸ್ತ್ರದ ಬಲದಿಂದ ಅರ್ಜಿ ಹಾಕಬಹುದು. ಭೂಗೋಳ–ಇತಿಹಾಸ–ಅರ್ಥಶಾಸ್ತ್ರದವನು ಹಾಕುವಂತಿಲ್ಲ. ಭೂಗೋಳ–ಕಂಪ್ಯೂಟರ್ ಸೈನ್ಸ್ ಮಾತ್ರ ಇದ್ದು ಗಣಿತ ಇಲ್ಲದಿದ್ದರೆ, ಬಿ.ಎಸ್ಸಿ. ಎಂದು ಬರೆದಿದ್ದರೂ ವಿಷಯದ ಷರತ್ತಿನಲ್ಲೇ ಸಿಕ್ಕಿಬೀಳುತ್ತಾನೆ.

ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗೆ ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಕರೆದಾಗ ಕೇಳಿದ್ದು ಭೌತಶಾಸ್ತ್ರ ಒಂದು ವಿಷಯವಾಗಿದ್ದ ವಿಜ್ಞಾನ ಪದವಿ ಅಥವಾ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಕಡೆಯ ಅರ್ಹತೆ, ಜೊತೆಗೆ ಪ್ರಥಮ ದರ್ಜೆ, ಪಿಯುನಲ್ಲಿ ಭೌತಶಾಸ್ತ್ರ–ಗಣಿತ. ವಾಯುಗುಣಶಾಸ್ತ್ರದಲ್ಲಿ ಎಷ್ಟೇ ಅಂಕ ತೆಗೆದರೂ ಭೂಗೋಳ ಒಂದರಿಂದ ಆ ಬಾಗಿಲು ತೆರೆಯುವುದಿಲ್ಲ. ಪಿಸಿಎಂಬಿ ಮುಗಿಸಿ ಬಂದಿರುವವನು ಈ ಅನುಕೂಲವನ್ನು ಸುಮ್ಮನೆ ಬಿಡಬಾರದು ಎಂದು ನನ್ನ ಅಭಿಪ್ರಾಯ.

ಮೇಷ್ಟ್ರ ಕೆಲಸದ ಲೆಕ್ಕ ಬೇರೆ. ಪಿಯು ಉಪನ್ಯಾಸಕ ಹುದ್ದೆಗೆ ಭೂಗೋಳದಲ್ಲಿ ಸ್ನಾತಕೋತ್ತರ ಪದವಿ ಶೇ 55 ಅಂಕದೊಂದಿಗೆ, ಮೇಲೆ ಬಿ.ಇಡಿ. ಎಂ.ಎ. ಆದರೂ ಸರಿ, ಎಂ.ಎಸ್ಸಿ. ಆದರೂ ಸರಿ. ಪದವಿ ಕಾಲೇಜಿಗೆ ನೆಟ್ ಅಥವಾ ಕೆ–ಸೆಟ್ ಅರ್ಹತಾ ಪರೀಕ್ಷೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಆಸೆ ಇದ್ದರೆ ಮಾತ್ರ ಬಿ.ಎಸ್ಸಿ. ಸಂಯೋಜನೆ ಕೈಕೊಡಬಹುದು, ಅಲ್ಲಿ ಕಲಾ ವಿಷಯಗಳ ಜೋಡಿ ಕೇಳುತ್ತಾರೆ. ಹಿಂದಿನ ನೇಮಕಾತಿ ಅಧಿಸೂಚನೆ ತೆರೆದು ವಿಷಯದ ಜೋಡಿ ನೋಡಿಕೊಂಡೇ ಸೇರಿ.

ಇನ್ನೊಂದು ಎಚ್ಚರಿಕೆ. ಸ್ನಾತಕೋತ್ತರ ಪ್ರವೇಶದಲ್ಲಿ ‘ಭೂಗೋಳವನ್ನು ಮುಖ್ಯ ವಿಷಯವಾಗಿ ಓದಿರಬೇಕು’ ಎಂಬ ಷರತ್ತು ಬರುತ್ತದೆ. ಒಂದೆರಡು ಸೆಮಿಸ್ಟರ್ ಓಪನ್ ಎಲೆಕ್ಟಿವ್ ಆಗಿ ಓದಿದ್ದು ಲೆಕ್ಕಕ್ಕೆ ಬರುವುದಿಲ್ಲ. ಧಾರವಾಡದ ಕರ್ನಾಟಕ ವಿವಿ, ಮೈಸೂರು ವಿವಿ, ಬೆಂಗಳೂರು ವಿವಿ ಮೂರರಲ್ಲೂ ಭೂಗೋಳದ ಸ್ನಾತಕೋತ್ತರ ವಿಭಾಗಗಳಿವೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ, ಅಲ್ಲಿಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿಗಳ ‘ಜ್ಯಾಮ್’ ಪರೀಕ್ಷೆಯಲ್ಲಿ ಭೂಗರ್ಭಶಾಸ್ತ್ರದ ಪತ್ರಿಕೆ ಇದೆ, ಭೂಗೋಳದ್ದು ಇಲ್ಲ.

ಸಮೋನ್ನತಿ:
ಗಣಿತ ಮತ್ತು ಪ್ರಾಕ್ಟಿಕಲ್ ಬಗ್ಗೆ ಯಾರೂ ಹೇಳಲಿಲ್ಲ. ಹುಡುಗರು ಅಂಕ ಕಳೆದುಕೊಳ್ಳುವುದು ಅಲ್ಲೇ.

ಕಲನಶಾಸ್ತ್ರ ಬೇಕಾಗುವುದಿಲ್ಲ. ಅನುಪಾತ, ತ್ರಿಕೋನಮಿತಿಯ ಆರಂಭ, ಸರಾಸರಿ, ಮಾನಕ ವಿಚಲನೆ, ಸ್ಪಿಯರ್‌ಮನ್ ಸಹಸಂಬಂಧ, ಊರುಗಳ ಹಂಚಿಕೆಗೆ ನಿಯರೆಸ್ಟ್ ನೇಬರ್ ಸೂಚ್ಯಂಕ. ಈ ಸೂಚ್ಯಂಕ 0 ಬಂದರೆ ಎಲ್ಲ ಒಂದೆಡೆ ಗುಂಪು, 1 ಬಂದರೆ ಯಾದೃಚ್ಛಿಕ, ಗರಿಷ್ಠ 2.15 ಬಂದರೆ ಸಮನಾದ ಅಂತರ. 3.4 ಅಂತ ಉತ್ತರ ಬರೆದು ಕೆಳಗೆ ಗೆರೆ ಎಳೆದ ರೆಕಾರ್ಡ್ ಪುಸ್ತಕಗಳಿಗೆ ಬರವಿಲ್ಲ. ಅಲ್ಲಿ ತಪ್ಪಿರುವುದು ಸೂತ್ರವಲ್ಲ, ಮೂಲಮಾನ: ದೂರ ಸೆಂಟಿಮೀಟರಿನಲ್ಲಿ, ವಿಸ್ತೀರ್ಣ ಚದರ ಕಿಲೋಮೀಟರಿನಲ್ಲಿ.

ಭೂಪಟ ಅಂದರೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ನೆಲದ ಎತ್ತರ, ಊರು, ದಾರಿ ತೋರಿಸುವ ವಿವರವಾದ ನಕ್ಷೆ). 1:50,000 ಪ್ರಮಾಣದಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಒಂದೊಂದು ಹಾಳೆ 15 ಮಿನಿಟ್ ಅಕ್ಷಾಂಶ, 15 ಮಿನಿಟ್ ರೇಖಾಂಶದಷ್ಟು. ಬೆಂಗಳೂರು ನಗರ ಹಳೆಯ ಸಂಖ್ಯೆಯಲ್ಲಿ 57 ಜಿ/12, 57 ಎಚ್/9 ಹಾಳೆಗಳಲ್ಲಿ ಹಂಚಿಹೋಗಿದೆ, ಏಕೆಂದರೆ 13 ಡಿಗ್ರಿ ಉತ್ತರ ಅಕ್ಷಾಂಶ ನಗರದ ಮೇಲೆಯೇ ಹಾದುಹೋಗುತ್ತದೆ. ಸಂಖ್ಯೆಯ ಈ ಕ್ರಮ ವೈವಾದಲ್ಲಿ ಖಾಯಂ ಪ್ರಶ್ನೆ: 4 ಡಿಗ್ರಿ ಚೌಕಕ್ಕೆ ಅಂಕಿ, ಅದರೊಳಗೆ ಒಂದೊಂದು ಡಿಗ್ರಿಗೆ ಎ ಯಿಂದ ಪಿ ವರೆಗೆ ಅಕ್ಷರ, ಅದರೊಳಗೆ 1ರಿಂದ 16.

ಈಗ ಪಿಡಿಎಫ್ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಾರೆ. ಅಂಗಡಿಯವನು ‘ಫಿಟ್ ಟು ಪೇಜ್’ ಒತ್ತಿದರೆ ಪ್ರಮಾಣ ಕೆಟ್ಟಿತು. ಮೂಲೆಯಲ್ಲಿ 1:50,000 ಎಂದೇ ಇರುತ್ತದೆ, ಹಾಳೆ ಮಾತ್ರ ಕುಗ್ಗಿರುತ್ತದೆ. ಓಪನ್ ಸೀರೀಸ್ (ಸಾರ್ವಜನಿಕರ ಬಳಕೆಗೆ ಬಿಟ್ಟ ಸರಣಿಯ) ಹಾಳೆಯಲ್ಲಿ 1 ಕಿ.ಮೀ. ಗ್ರಿಡ್ ಚೌಕ ಇರುತ್ತದೆ, ಅದರ ಬದಿ ಸ್ಕೇಲಿನಲ್ಲಿ ಸರಿಯಾಗಿ 2 ಸೆಂ.ಮೀ. ಬರಬೇಕು. 1.9 ಬಂದರೆ ಆ ಪ್ರಿಂಟ್ ಬಿಸಾಕಿ. ಇಲ್ಲವೇ ಹಾಳೆಯ ಕೆಳಗಿನ ಗೆರೆಪ್ರಮಾಣದಿಂದಲೇ ಅಳೆಯಿರಿ, ಅದು ಹಾಳೆಯ ಜೊತೆಗೇ ಕುಗ್ಗಿರುತ್ತದೆ.

ಅಡ್ಡಕೊಯ್ತ (ನೆಲದ ಏರಿಳಿತದ ಪಕ್ಕನೋಟ) ಬಿಡಿಸುವಾಗ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ಅಂತರ 20 ಮೀ. ಲಂಬಕ್ಕೆ 1 ಸೆಂ.ಮೀ. = 100 ಮೀ. ಹಿಡಿದರೆ ಲಂಬ ಉತ್ಪ್ರೇಕ್ಷೆ 500 ÷ 100, ಅಂದರೆ 5 ಪಟ್ಟು. ಅದನ್ನು ಚಿತ್ರದ ಕೆಳಗೆ ಬರೆಯಲೇಬೇಕು. 1 ಸೆಂ.ಮೀ. = 20 ಮೀ. ಹಿಡಿದರೆ 25 ಪಟ್ಟು, ಸಾಧಾರಣ ದಿಬ್ಬವೂ ಹಿಮಾಲಯದಂತೆ ಎದ್ದು ನಿಲ್ಲುತ್ತದೆ.

ಸರ್ವೆಯಲ್ಲಿ ಪ್ರಿಸ್ಮ್ಯಾಟಿಕ್ ಕಂಪಾಸ್ ಒಂದನ್ನು ಚೆನ್ನಾಗಿ ಕಲಿತರೆ ಅರ್ಧ ಗೆದ್ದ ಹಾಗೆ. ಪ್ರತಿ ಗೆರೆಗೂ ಮುಂದಿನ ಬೇರಿಂಗ್, ಹಿಂದಿನ ಬೇರಿಂಗ್ (ಗೆರೆಯ ಎರಡು ತುದಿಗಳಿಂದ ಉತ್ತರಕ್ಕೆ ಹೋಲಿಸಿ ಅಳೆದ ದಿಕ್ಕಿನ ಕೋನ) ಎರಡನ್ನೂ ತೆಗೆಯಬೇಕು, ವ್ಯತ್ಯಾಸ 180 ಡಿಗ್ರಿ ಇರಬೇಕು. ಇಲ್ಲವೆಂದರೆ ಹತ್ತಿರದಲ್ಲಿ ಕಬ್ಬಿಣ ಇದೆ ಎಂದು ಅರ್ಥ: ಕಾಲೇಜಿನ ಗೇಟು, ನಿಲ್ಲಿಸಿದ ಬೈಕು, ಕೈಯಲ್ಲಿರುವ ಸರಪಳಿ, ಎಷ್ಟೋ ಸಲ ಜೇಬಿನ ಮೊಬೈಲ್. ಯಾವ ಗೆರೆಯ ವ್ಯತ್ಯಾಸ ಸರಿಯಾಗಿ 180 ಇದೆಯೋ ಅದರ ಎರಡೂ ತುದಿಗಳನ್ನು ಶುದ್ಧ ಎಂದು ಹಿಡಿದು, ಅಲ್ಲಿಂದ ಉಳಿದವನ್ನು ತಿದ್ದುತ್ತಾ ಹೋಗುವುದು ಕ್ರಮ. ಐದು ಬದಿಯ ಸುತ್ತಿಗೆ ಒಳಕೋನಗಳ ಮೊತ್ತ 540 ಡಿಗ್ರಿ. ಮೈದಾನದಲ್ಲಿ ಇದ್ದಾಗಲೇ ಕೂಡಿ ನೋಡಿ. ಮನೆಗೆ ಹೋಗಿ ಕೂಡಿದರೆ ಆಮೇಲೆ ನಡೆಯುವುದು ತಿದ್ದುಪಡಿಯಲ್ಲ, ಕಥೆ ಕಟ್ಟುವುದು.

ಜಿಐಎಸ್‌ಗೆ ಕ್ಯೂಜಿಐಎಸ್ ತಂತ್ರಾಂಶ ಉಚಿತ, ದುಬಾರಿ ಲ್ಯಾಪ್‌ಟಾಪ್ ಬೇಡ, 8 ಜಿಬಿ ರ್‍ಯಾಮ್ ಸಾಕು. ಮೊದಲ ಎಡವಟ್ಟು ಯಾವಾಗಲೂ ಪ್ರಕ್ಷೇಪದಲ್ಲಿ. ಪದರ ಇಪಿಎಸ್‌ಜಿ 4326ರಲ್ಲಿ (ಡಿಗ್ರಿಯ ಅಕ್ಷಾಂಶ–ರೇಖಾಂಶ ಪದ್ಧತಿಯ ಸಂಕೇತ) ಇರುವಾಗಲೇ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ‘$ಏರಿಯಾ’ ಬದಲು ಬರೀ ಜ್ಯಾಮಿತಿಯ ಏರಿಯಾ ಹಾಕಿದರೆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ, ಕೆರೆಯ ವಿಸ್ತೀರ್ಣ 0.00004 ಎಂದು! ಮೀಟರಿನಲ್ಲಿ ಅಳೆಯುವ ಯುಟಿಎಂ ಪ್ರಕ್ಷೇಪಕ್ಕೆ ಬದಲಿಸಿ ಲೆಕ್ಕ ಹಾಕಿ. ರಾಜ್ಯದ ಬಹುಭಾಗಕ್ಕೆ ವಲಯ 43 ಉತ್ತರ, ಅಂದರೆ ಇಪಿಎಸ್‌ಜಿ 32643. 78 ಡಿಗ್ರಿ ಪೂರ್ವ ರೇಖಾಂಶ ದಾಟಿದರೆ ವಲಯ 44. ಕೋಲಾರ ಜಿಲ್ಲೆ ಈ ಗೆರೆಯ ಎರಡೂ ಬದಿಗೆ ಬೀಳುತ್ತದೆ: ಮಾಲೂರು ಪಟ್ಟಣ 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ. ಆ ಜಿಲ್ಲೆಯವರು ಒಂದೇ ವಲಯ ಆಯ್ದುಕೊಂಡು ಕೊನೆಯವರೆಗೂ ಅದರಲ್ಲೇ ಇರಬೇಕು.

ಕ್ಷೇತ್ರಕಾರ್ಯದ ವರದಿ ಇದ್ದರೆ ಇಡೀ ತಾಲ್ಲೂಕು ಹಿಡಿಯಬೇಡಿ, ಒಂದು ಹಳ್ಳಿ ಸಾಕು. 2011ರ ಜನಗಣತಿಯ ಕೋಷ್ಟಕವನ್ನು ನಕ್ಷೆಗೆ ಜೋಡಿಸುವಾಗ ಊರ ಹೆಸರಿನಿಂದ ಜೋಡಿಸಿದರೆ ‘ಹಳ್ಳಿ’, ‘ಹಳ್ಳೀ’ ಇಂಗ್ಲಿಷ್ ಕಾಗುಣಿತದ ವ್ಯತ್ಯಾಸಕ್ಕೇ ಅರ್ಧ ಸಾಲು ಖಾಲಿ ಬರುತ್ತದೆ. ಆರು ಅಂಕಿಯ ಗ್ರಾಮ ಸಂಕೇತದಿಂದ ಜೋಡಿಸಿ.

ಗಡಿನಾಡು:
ರಾಜ್ಯದ ಹೊರಗೂ ಬಿ.ಎಸ್ಸಿ. ಭೂಗೋಳ ಇದೆ. ಚೆನ್ನೈನ ಪ್ರೆಸಿಡೆನ್ಸಿ, ಕ್ವೀನ್ ಮೇರೀಸ್ ಹಳೆಯ ವಿಭಾಗಗಳು (ಎರಡನೆಯದು ಹೆಣ್ಣುಮಕ್ಕಳಿಗೆ). ಕಾಸರಗೋಡಿನ ಕಡೆಯವರಿಗೆ: ಕೇರಳದಲ್ಲಿ 2024–25ರಿಂದ ನಾಲ್ಕು ವರ್ಷದ ಪದ್ಧತಿ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಹೊರಬರಬಹುದು, ನಾಲ್ಕನೇ ವರ್ಷಕ್ಕೆ 177. ಯುಜಿಸಿ ಚೌಕಟ್ಟಿನಲ್ಲಿ ಇದು 120 ಮತ್ತು 160. ಸಂಶೋಧನೆಯೊಂದಿಗೆ ಆನರ್ಸ್ ಬೇಕಿದ್ದರೆ ಯುಜಿಸಿ ಪ್ರಕಾರ ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಇರಬೇಕು. ಅಲ್ಲಿ ಓದಿ ಮತ್ತೆ ಇಲ್ಲಿಗೆ ಬರುವುದಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಮರೆಯಬೇಡಿ.

ತುಂಗಾತೀರ:
ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಹಾಗಾದರೆ ದೂರದ ಕಾಲೇಜಿನ ಭೂಗೋಳ–ಭೂಗರ್ಭಶಾಸ್ತ್ರ–ಗಣಿತ ನೋಡುತ್ತೇವೆ. ಸೇರುವ ಮೊದಲು ಅಲ್ಲಿ ಏನೇನು ಕೇಳಬೇಕು? ಕಲಾ ವಿಭಾಗದ ಅವನ ಗೆಳೆಯನೂ ಬರುತ್ತೇನೆ ಅನ್ನುತ್ತಿದ್ದಾನೆ.

ನಕ್ಷೆಮನೆ:
ಗೆಳೆಯನಿಗೆ ಗಣಿತ ಇರುವ ಸಂಯೋಜನೆ ಸಿಗುವುದಿಲ್ಲ. ಬೇರೆ ಜೋಡಿಯಲ್ಲಿ ಕಲಾ ವಿಭಾಗದವರಿಗೆ ಬಿ.ಎಸ್ಸಿ. ಕೊಡುತ್ತಾರೋ ಇಲ್ಲವೋ ಎಂಬುದು ಆ ವಿವಿಯ ನಿಯಮಾವಳಿಯಲ್ಲಿ ‘ಪ್ರವೇಶ ಅರ್ಹತೆ’ ಎಂಬ ಕಲಂನಲ್ಲಿ ಇರುತ್ತದೆ. ಕೌಂಟರಿನವರ ಬಾಯಿಮಾತು ಬೇಡ, ಆ ಪುಟದ ಪ್ರತಿ ಕೇಳಿ. ಕೊಡದಿದ್ದರೆ ಅವನು ಬಿ.ಎ. ಭೂಗೋಳ ಮಾಡಲಿ, ಎಂ.ಎಸ್ಸಿ.ಗೆ ಬಿ.ಎ.ಯವರನ್ನೂ ತೆಗೆದುಕೊಳ್ಳುವ ಕಡೆ ಇದೆ.

ಕಾಲೇಜಿನಲ್ಲಿ ಮೊದಲು ಕೇಳಬೇಕಾದದ್ದು ಈ ಸಂಯೋಜನೆಯಲ್ಲಿ ಈಗ ಐದನೇ ಸೆಮಿಸ್ಟರಿನಲ್ಲಿ ಎಷ್ಟು ಜನ ಇದ್ದಾರೆ ಅಂತ. ಪ್ರಾಸ್ಪೆಕ್ಟಸ್‌ನಲ್ಲಿ ಹೆಸರಿದ್ದು, ಹುಡುಗರು ಸಾಲದೆ ಕೈಬಿಟ್ಟ ಸಂಯೋಜನೆಗಳು ಇರುತ್ತವೆ. ಆಗ ಸೇರಿದ ತಿಂಗಳಲ್ಲೇ ಬೇರೆ ಜೋಡಿಗೆ ತಳ್ಳುತ್ತಾರೆ. ಭೂಗೋಳಕ್ಕೆ ಖಾಯಂ ಅಧ್ಯಾಪಕರು ಇದ್ದಾರೋ, ಬರೀ ಅತಿಥಿ ಉಪನ್ಯಾಸಕರೋ ವಿಚಾರಿಸಿ. ಪ್ರಯೋಗಾಲಯ ತೆಗೆಸಿ ನೋಡಿ: ಕಂಪಾಸಿನ ಮುಳ್ಳು ಸಲೀಸಾಗಿ ತಿರುಗುತ್ತದೋ ತುಕ್ಕು ಹಿಡಿದು ನಿಂತಿದೆಯೋ ಎಂಬುದರಲ್ಲೇ ವಿಭಾಗ ನಡೆಯುವ ರೀತಿ ಗೊತ್ತಾಗುತ್ತದೆ.

ಅರ್ಜಿ ಯುಯುಸಿಎಂಎಸ್ (ರಾಜ್ಯದ ವಿವಿ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಪೋರ್ಟಲಿನಲ್ಲಿ ಹಾಕುವುದಾದರೆ ಸಂಯೋಜನೆ ಆಯ್ಕೆಯ ಪುಟದಲ್ಲಿ ಅವಸರ ಬೇಡ. ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿ, ಟಿ.ಸಿ., ಆರ್.ಡಿ. ಸಂಖ್ಯೆ ಇರುವ ಜಾತಿ–ಆದಾಯ ಪ್ರಮಾಣಪತ್ರ ಸಿದ್ಧವಿರಲಿ. ಹೆಸರು ಆಧಾರಿನಲ್ಲೂ ಅಂಕಪಟ್ಟಿಯಲ್ಲೂ ಒಂದೇ ಥರ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಕರಾರು ಬರುತ್ತದೆ, ಈಗಲೇ ತಿದ್ದಿಸಿಬಿಡಿ.