ಸಾಮ್ರಾಜ್ಯವಾದವೋ ಸಾಮ್ರಾಜ್ಯಶಾಹಿಯೋ: ‘ಶಾಹಿ’ಯ ಬಗ್ಗೆ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಕಾರ್ಮಿಕರ ಅಧ್ಯಯನ ಶಿಬಿರವೊಂದಕ್ಕಾಗಿ ಸಿದ್ಧವಾಗುತ್ತಿರುವ ಕೈಪಿಡಿಯ ಕರಡು ತಿದ್ದುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿದೆ. ಅದರ ಅರ್ಧವನ್ನು ಹಿಂದಿಯಿಂದಲೂ ಉಳಿದರ್ಧವನ್ನು ಇಂಗ್ಲಿಷಿನಿಂದಲೂ ಬೇರೆಬೇರೆಯವರು ಅನುವಾದಿಸಿರುವುದರಿಂದ, ಇಂಗ್ಲಿಷಿನ ‘ಇಂಪೀರಿಯಲಿಸಂ’ಗೆ 12ನೆಯ ಪುಟದವರೆಗೆ ‘ಸಾಮ್ರಾಜ್ಯವಾದ’ ಎಂದಿದ್ದದ್ದು ಮುಂದಿನ ಪುಟದಿಂದ ‘ಸಾಮ್ರಾಜ್ಯಶಾಹಿ’ ಆಗಿಬಿಟ್ಟಿದೆ. ಹಿಂದಿಯ ‘ಪೂಂಜಿವಾದ’ದ ನೆರಳು ಬಿದ್ದ ‘ಬಂಡವಾಳವಾದ’ವೂ ನಮ್ಮ ‘ಬಂಡವಾಳಶಾಹಿ’ಯೂ ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕ ಕೂತಿವೆ. ಒಂದನ್ನು ಉಳಿಸಿ ಇನ್ನೊಂದನ್ನು ಹೊಡೆದುಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ತಂಡದ ಕಿರಿಯ ಅನುವಾದಕಿಯೊಬ್ಬರು, ‘ಶಾ ಅಂದರೆ ರಾಜ ಅಲ್ಲವೇ ಸರ್, ರಾಜನೇ ಇಲ್ಲದ ಅಮೆರಿಕಕ್ಕೆ ಶಾಹಿ ಹೇಗೆ ಹಚ್ಚುತ್ತೀರಿ?’ ಎಂದು ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

‘ಶಾಹಿ’ ಪಾರಸಿಯ ‘ಶಾಹ್’ನಿಂದ ಹುಟ್ಟಿದ್ದೆಂಬುದರಲ್ಲಿ ತಕರಾರಿಲ್ಲ. ವಿಜಯಪುರದ ಆದಿಲಶಾಹಿ, ಅಹಮದನಗರದ ನಿಜಾಮಶಾಹಿ ಎನ್ನುವಾಗ ಅದು ಅರಸುಮನೆತನವನ್ನೇ ಹೇಳುತ್ತದೆ. ಮರಾಠಿಗೆ ಬಂದ ಮೇಲೆ ಮಾತ್ರ ಅದರೊಳಗಿನ ರಾಜ ಸಿಂಹಾಸನ ಬಿಟ್ಟು ಇಳಿದಿದ್ದಾನೆ. ಅಲ್ಲಿ ಪ್ರಜಾಪ್ರಭುತ್ವ ‘ಲೋಕಶಾಹಿ’, ಸರ್ವಾಧಿಕಾರ ‘ಹುಕುಮಶಾಹಿ’. ಒಂದಕ್ಕೊಂದು ಎದುರಾದ ಎರಡಕ್ಕೂ ಒಂದೇ ಬಾಲ ಹತ್ತಿಕೊಳ್ಳಬೇಕಾದರೆ ಅದರ ಅರ್ಥ ‘ಆಳುವ ಏರ್ಪಾಡು’ ಎಂದಷ್ಟೇ ಉಳಿದಿರಬೇಕು. ಮರಾಠಿಯ ಭಾಂಡವಲಶಾಹಿ, ಸಾಮ್ರಾಜ್ಯಶಾಹಿ, ನೋಕರಶಾಹಿಗಳ ಪಕ್ಕದಲ್ಲಿ ನಮ್ಮ ಬಂಡವಾಳಶಾಹಿ, ಸಾಮ್ರಾಜ್ಯಶಾಹಿ, ನೌಕರಶಾಹಿಗಳನ್ನು ಇಟ್ಟು ನೋಡಿದರೆ ಇವು ಯಾವ ದಾರಿಯಿಂದ ಬಂದವೆಂದು ಊಹಿಸುವುದು ಕಷ್ಟವಲ್ಲ. ಹಿಂದಿ ಮತ್ತು ತೆಲುಗಿನವರು ‘ಸಾಮ್ರಾಜ್ಯವಾದ’ ಎನ್ನುತ್ತಾರೆ, ತಮಿಳರು ‘ಏಕಾಧಿಪತ್ಯ’ ಎನ್ನುತ್ತಾರೆ, ಮಲಯಾಳಿಗಳು ‘ಸಾಮ್ರಾಜ್ಯತ್ವ’ ಎನ್ನುತ್ತಾರೆ. ದಕ್ಷಿಣದ ನಾಲ್ಕು ಭಾಷೆಗಳಲ್ಲಿ ಶಾಹಿಯನ್ನು ಇಲ್ಲಿ ಒಪ್ಪಿಕೊಂಡದ್ದು ಕನ್ನಡವೊಂದೇ.

ಎರಡರಲ್ಲಿ ನನ್ನ ಒಲವು ಶಾಹಿಯ ಕಡೆಗೆ. ಅದಕ್ಕೆ ರೂಢಿಗಿಂತ ದೊಡ್ಡ ಕಾರಣವಿದೆ. ಅದ್ವೈತವಾದ, ಗಾಂಧಿವಾದ ಎಂಬಂತೆ ‘ವಾದ’ ಎಂದೊಡನೆ ಕನ್ನಡದ ಕಿವಿಗೆ ಕೇಳುವುದು ಯಾರೋ ನಂಬಿದ, ಬೇಡವಾದರೆ ಬಿಡಬಹುದಾದ ಒಂದು ಅಭಿಪ್ರಾಯ. ಮೊದಲ ಮಹಾಯುದ್ಧದ ಕಾಲದಲ್ಲಿ ಎಡಪಂಥೀಯರೊಳಗೆ ನಡೆದ ದೊಡ್ಡ ಜಗಳ ಸರಿಯಾಗಿ ಇದರ ಮೇಲೆಯೇ ನಿಂತಿತ್ತು. ಸಾಮ್ರಾಜ್ಯ ವಿಸ್ತರಣೆಯೆಂಬುದು ಹಣಕಾಸು ಬಂಡವಾಳವು ಇಷ್ಟಪಟ್ಟು ಆಯ್ದುಕೊಂಡ ಒಂದು ನೀತಿ ಎಂದು ಜರ್ಮನಿಯ ಸಮಾಜವಾದಿ ಚಿಂತಕ ಕೌಟ್ಸ್ಕಿ ಹೇಳಿದರೆ, 1916ರಲ್ಲಿ ಜ್ಯೂರಿಕ್‌ನಲ್ಲಿ ಕೂತು ಬರೆದ ಲೆನಿನ್ ಅದನ್ನು ಅಲ್ಲಗಳೆದು, ಅದು ನೀತಿಯಲ್ಲ, ಬಂಡವಾಳಶಾಹಿ ತಾನೇ ಬೆಳೆದು ಮುಟ್ಟಿದ ಘಟ್ಟ ಎಂದು ವಾದಿಸಿದರು: ಉತ್ಪಾದನೆ ಕೆಲವೇ ಏಕಸ್ವಾಮ್ಯಗಳ ಕೈಸೇರುತ್ತದೆ, ಬ್ಯಾಂಕಿನ ಹಣ ಕೈಗಾರಿಕೆಯ ಹಣದೊಡನೆ ಬೆಸೆದುಕೊಳ್ಳುತ್ತದೆ, ಸರಕಿಗಿಂತ ಬಂಡವಾಳದ ರಫ್ತೇ ಮುಖ್ಯವಾಗುತ್ತದೆ, ಕೊನೆಗೆ ಬಲಿಷ್ಠ ದೇಶಗಳ ನಡುವೆ ಇಡೀ ಭೂಗೋಳದ ಹಂಚಿಕೆಯೂ ಮುಗಿಯುತ್ತದೆ. ಹೀಗಿರುವಾಗ ಲೆನಿನ್ನರ ಮಾತನ್ನು ‘ಸಾಮ್ರಾಜ್ಯವಾದ’ ಎಂದು ಕನ್ನಡಿಸಿದರೆ, ಅವರು ಯಾರ ವಿರುದ್ಧ ಬರೆದರೋ ಅವರ ಪಕ್ಷವನ್ನೇ ಪದ ವಹಿಸಿದಂತಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ರಾಜನಿಲ್ಲದ ಶಾಹಿಯ ಪ್ರಶ್ನೆಗೂ ಅಲ್ಲಿಯೇ ಉತ್ತರವಿದೆ. ಅರ್ಜೆಂಟೀನಾ ಹೆಸರಿಗೆ ಸ್ವತಂತ್ರ ದೇಶವಾಗಿದ್ದರೂ ಹಣಕಾಸಿನಲ್ಲಿ ಲಂಡನ್ನಿಗೆ ಕಟ್ಟುಬಿದ್ದಿತ್ತೆಂಬುದನ್ನು ಲೆನಿನ್ ಉದಾಹರಣೆಯಾಗಿ ಕೊಡುತ್ತಾರೆ. ಅಲ್ಲಿ ಬ್ರಿಟಿಷ್ ವೈಸರಾಯನೂ ಇರಲಿಲ್ಲ, ಬಾವುಟವೂ ಇರಲಿಲ್ಲ. 1952ರಲ್ಲಿ ಭೂಸುಧಾರಣೆಯ ಕಾನೂನು ತಂದು ಅಮೆರಿಕದ ಹಣ್ಣಿನ ಕಂಪನಿಯ ಪಾಳುಬಿದ್ದ ಜಮೀನಿಗೆ ಕೈಹಾಕಿದ ಗ್ವಾಟೆಮಾಲಾದ ಅಧ್ಯಕ್ಷ ಅರ್ಬೆಂಜ್ 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಹೂಡಿದ ಸಂಚಿನಿಂದ ಅಧಿಕಾರ ಕಳೆದುಕೊಂಡದ್ದೂ ಇದೇ ಜಾತಿಯ ಪ್ರಸಂಗ. ಇಂಥ ಕಡೆ, ಪರದೇಶವನ್ನು ನೇರವಾಗಿ ಆಳುವುದನ್ನು ಹೇಳುವ ‘ವಸಾಹತುಶಾಹಿ’ ಎಂದರೆ ತಪ್ಪಾಗುತ್ತದೆ, ‘ಸಾಮ್ರಾಜ್ಯಶಾಹಿ’ ಎಂದರೆ ಸರಿಹೋಗುತ್ತದೆ. ತಮಾಷೆಯೆಂದರೆ ಇಂಗ್ಲಿಷಿನ ‘ಇಂಪೀರಿಯಲಿಸಂ’ ಕೂಡ 19ನೆಯ ಶತಮಾನದ ನಡುವೆ ಫ್ರಾನ್ಸಿನ ಮೂರನೆಯ ನೆಪೋಲಿಯನ್ನನ ಆಳ್ವಿಕೆಗೆ, ಎಂದರೆ ಅಕ್ಷರಶಃ ಶಾಹಿಗೇ, ಹಚ್ಚುತ್ತಿದ್ದ ಪದ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧ ಮುಗಿದ 1902ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಹಾಬ್ಸನ್ ಅದನ್ನು ಹೂಡಿಕೆದಾರರ ಲೆಕ್ಕದ ಪುಸ್ತಕದ ಮುಂದೆ ತಂದು ನಿಲ್ಲಿಸಿದರು. (‘ವಸಾಹತು’ವಿನ ಪಾಡು ಬೇರೆಯೇ: ಉತ್ತರ ಕರ್ನಾಟಕದ ಕೈಗಾರಿಕಾ ವಸಾಹತಿಗೆ ದಿನವೂ ಕೆಲಸಕ್ಕೆ ಹೋಗುವವರಿಗೆ ವಸಾಹತುಶಾಹಿ ಎಂದರೆ ಅದರ ಆಡಳಿತ ಕಚೇರಿಯೇ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ.)

ಇಷ್ಟರಮಟ್ಟಿಗೆ ನನಗೆ ನೆಮ್ಮದಿ. ನಿಜವಾದ ತೊಡಕು ಕರಡಿನ 21ನೆಯ ಪುಟದ ಈ ವಾಕ್ಯದಲ್ಲಿದೆ: ‘ಬಂಡವಾಳಶಾಹಿಯು ಕಾರ್ಮಿಕನ ಹೆಚ್ಚುವರಿ ದುಡಿಮೆಯನ್ನು ಕಬಳಿಸುತ್ತಾನೆ.’ ಅದರ ಹಿಂದಿನ ವಾಕ್ಯದಲ್ಲಿ ಅದೇ ಪದಕ್ಕೆ ‘ಬೆಳೆಯುತ್ತದೆ’ ಎಂಬ ಕ್ರಿಯಾಪದವಿದೆ. ವ್ಯವಸ್ಥೆಗೂ ವ್ಯಕ್ತಿಗೂ ಒಂದೇ ಪದವನ್ನು ನಾವು ದುಡಿಸುತ್ತಿದ್ದೇವೆ. ಭಾಷಣಗಳಲ್ಲಂತೂ ‘ಬಂಡವಾಳಶಾಹಿಗಳು’, ‘ಪುರೋಹಿತಶಾಹಿಗಳು’ ಎಂಬ ಬಹುವಚನ ನೀರು ಕುಡಿದಷ್ಟು ಸಲೀಸು. ಮರಾಠಿಯವರು ವ್ಯಕ್ತಿಯನ್ನು ‘ಭಾಂಡವಲದಾರ’ ಎಂದು ಬೇರೆಯಾಗಿ ಗುರುತಿಸುತ್ತಾರೆ, ನಾವು ಪದವನ್ನು ತಂದವರು ಆ ವಿವೇಕವನ್ನು ಗಡಿಯಲ್ಲೇ ಬಿಟ್ಟುಬಂದಂತಿದೆ. ಇದು ಬರಿಯ ವ್ಯಾಕರಣದ ಕೊಸರಾಟವೂ ಅಲ್ಲ. ತಾನು ವ್ಯಕ್ತಿಗಳನ್ನು ಆರ್ಥಿಕ ಸಂಬಂಧಗಳು ಮೈತಾಳಿದ ರೂಪಗಳೆಂದಷ್ಟೇ ನೋಡುತ್ತೇನೆ ಎಂದು ಮಾರ್ಕ್ಸ್ ‘ಬಂಡವಾಳ’ (ಕ್ಯಾಪಿಟಲ್) ಗ್ರಂಥದ 1867ರ ಮುನ್ನುಡಿಯಲ್ಲೇ ಎಚ್ಚರಿಸಿದ್ದಾರೆ. ಮಾಲೀಕನೊಬ್ಬ ಒಳ್ಳೆಯವನಾದರೆ ಬಂಡವಾಳಶಾಹಿಯೂ ಒಳ್ಳೆಯದೇ ಎಂದು ಓದುಗ ತಿಳಿಯುವ ಅಪಾಯವನ್ನು ಈ ಪದ ತಾನಾಗಿಯೇ ತಂದೊಡ್ಡುತ್ತದೆ.

‘ಬಂಡವಾಳಗಾರ’ ಎಂದರೆ? ಹಾಕಿದ ಬಂಡವಾಳವೂ ಹುಟ್ಟಲಿಲ್ಲ ಎಂದು ಸಂಜೆ ಬುಟ್ಟಿ ಎತ್ತುವ ಸೊಪ್ಪಿನವಳೂ ಬಂಡವಾಳಗಾರಳೇ ಆಗಿಬಿಡುತ್ತಾಳೆ, ಏಕೆಂದರೆ ಆಡುಮಾತಿನಲ್ಲಿ ಬಂಡವಾಳ ಎಂದರೆ ಕೈಯಿಂದ ಹಾಕಿದ ದುಡ್ಡು, ಪರರ ದುಡಿಮೆಯ ಮೇಲೆ ಬೆಳೆಯುವ ಹಣವಲ್ಲ. ‘ಬಂಡವಾಳಿಗ’ ನನಗೆ ಇಷ್ಟ. ಅದು ಒಕ್ಕಲಿಗ, ಗಾಣಿಗರ ಸಾಲಿನಲ್ಲಿ ಸಹಜವಾಗಿ ನಿಲ್ಲುತ್ತದೆ, ಆದರೆ ಅದೇ ಕಾರಣಕ್ಕೆ ಕಸುಬಿನ ಜಾತಿಯೊಂದರ ಹೆಸರಿನಂತೆ ಕೇಳಿಸುತ್ತದೆಂದು ಶಿಬಿರದ ಸಂಘಟಕರು ಮೂಗುಮುರಿದಿದ್ದಾರೆ.

ಆದ್ದರಿಂದ ಬಲ್ಲವರಲ್ಲಿ ನನ್ನ ಕೇಳಿಕೆ ಎರಡು. 1956ರ ಏಕೀಕರಣಕ್ಕೆ ಮುಂಚೆ ಹಳೆಯ ಮೈಸೂರಿನ ಪತ್ರಿಕೆಗಳಲ್ಲಿ ‘ಬಂಡವಾಳಶಾಹಿ’ಯನ್ನು ಕಂಡವರಿದ್ದಾರೆಯೇ, ಅಥವಾ ಅದು ಮುಂಬೈ ಪ್ರಾಂತ್ಯದ ಜಿಲ್ಲೆಗಳಿಂದ ಕೆಳಗಿಳಿದು ಬಂದದ್ದೇ? ಹಾಗೆಯೇ, ಕರಾವಳಿಯ ಬೀಡಿ ಮತ್ತು ಹಂಚಿನ ಕಾರ್ಖಾನೆಗಳ ಕಾರ್ಮಿಕರು ‘ಧಣಿ’ ಎಂದು ಕರೆಯುತ್ತಿದ್ದವರನ್ನು ಅವರ ಸಂಘಗಳ ಹಳೆಯ ಕರಪತ್ರಗಳು ಯಾವ ಪದದಿಂದ ಕರೆದಿವೆ? ಕರಪತ್ರದ ಪ್ರತಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಆ ಸಾಲನ್ನು ಇದ್ದಂತೆಯೇ ಇಲ್ಲಿ ಬರೆದು ತಿಳಿಸಬೇಕೆಂದು ಕೋರುತ್ತೇನೆ. 21ನೆಯ ಪುಟ ಅಲ್ಲಿಯವರೆಗೆ ನನ್ನ ಮೇಜಿನ ಮೇಲೆಯೇ ಇರುತ್ತದೆ.